ಹಣ್ಣಿನ ಕಣಿವೆಯ ನೆಲದಡಿಯಲ್ಲಿ

ಅಮೆರಿಕಾ ಸಂಯುಕ್ತ ಸಂಸ್ಥಾನದ ಪಶ್ಚಿಮದ ಅಂಚಿನಲ್ಲಿ, ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯು ದಕ್ಷಿಣಕ್ಕೆ ಚಾಚಿ ಮುಗಿಯುವೆಡೆಯಲ್ಲಿ, ಎರಡು ಬೆಟ್ಟಸಾಲುಗಳ ನಡುವೆ ಸಮತಟ್ಟಾದ ಕಣಿವೆಯೊಂದು ಹರಡಿಕೊಂಡಿದೆ. ಪಡುವಲಲ್ಲಿ ಸಾಂಟಾ ಕ್ರೂಜ್ ಬೆಟ್ಟಗಳು. ಅವುಗಳ ಮೈಮೇಲೆ ರೆಡ್‌ವುಡ್ ಮರಗಳ ದಟ್ಟ ಹಸಿರು. ಮೂಡಲಲ್ಲಿ ಡಿಯಾಬ್ಲೋ ಶ್ರೇಣಿ. ಅದರ ಬೋಳು ಇಳಿಜಾರುಗಳು ಚಳಿಗಾಲದ ಮಳೆಗೆ ಹಸಿರಾಗಿ, ಬೇಸಗೆಯಲ್ಲಿ ಒಣಹುಲ್ಲಿನ ಹೊಂಬಣ್ಣವನ್ನು ತಾಳುತ್ತವೆ. ಭೂಪಟದಲ್ಲಿ ಇದರ ಹೆಸರು ಸಾಂಟಾ ಕ್ಲಾರಾ ಕಣಿವೆ. ಲೋಕವು ಬಲ್ಲ ಹೆಸರು ಸಿಲಿಕಾನ್ ಕಣಿವೆ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಎಷ್ಟೋ ಮನೆಗಳಲ್ಲಿ ಈ ಕಣಿವೆಯ ಊರುಗಳ ಹೆಸರು ನೆರೆಯೂರುಗಳ ಹೆಸರಿನಷ್ಟೇ ಬಳಕೆಯಾಗಿದೆ. ಸನ್ನಿವೇಲ್, ಕ್ಯುಪರ್ಟಿನೊ, ಸ್ಯಾನ್ ಹೋಸೆ ಎಂದರೆ ಅಲ್ಲಿ ಮಗನೋ ಮಗಳೋ ಇರುವ ಊರು. ಸೊಸೆಯ ಬಾಣಂತನಕ್ಕೆಂದು ಹೋಗಿ ಆರು ತಿಂಗಳು ನಿಂತು ಬಂದ ತಾಯಂದಿರು ಅಲ್ಲಿನ ಬೀದಿಗಳ ಶುಚಿಯನ್ನೂ, ಧೂಳಿಲ್ಲದ ಗಾಳಿಯನ್ನೂ, ಸಾಲುಮರಗಳ ಅಂದವನ್ನೂ ಬಾಯ್ತುಂಬ ಹೊಗಳುತ್ತಾರೆ. ಆ ಹೊಗಳಿಕೆಯಲ್ಲಿ ಸುಳ್ಳಿಲ್ಲ. ಆದರೆ ಆ ಶುಚಿಯಾದ ಬೀದಿಗಳ ಕೆಳಗೆ ಇನ್ನೊಂದು ಕಥೆಯುಂಟು. ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ. ಒಂದು ಕೈಗಾರಿಕೆಯ ಹೊಣೆಯು ಎಲ್ಲಿಗೆ ಮುಗಿಯುತ್ತದೆ ಎಂಬ ಪ್ರಶ್ನೆಯನ್ನು ಆ ಕಥೆಯು ಕೇಳುತ್ತದೆ.

ಹೂವಿನ ಕಾಲ

ಓಲೋನಿ ಎಂಬ ಮೂಲನಿವಾಸಿಗಳು ಬಾಳಿದ್ದ ಈ ನೆಲಕ್ಕೆ ಸ್ಪೇನಿನವರು ಬಂದು 1777ರಲ್ಲಿ ಸಾಂಟಾ ಕ್ಲಾರಾದ ಮಠವನ್ನೂ ಸ್ಯಾನ್ ಹೋಸೆ ಊರನ್ನೂ ಸ್ಥಾಪಿಸಿದರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಲೂಯಿ ಪೆಲ್ಯೇ ಎಂಬ ಫ್ರೆಂಚ್ ತೋಟಗಾರನು ತನ್ನ ನಾಡಿನಿಂದ ಪ್ಲಮ್ ಹಣ್ಣಿನ ಕಡ್ಡಿಗಳನ್ನು ತರಿಸಿ ಇಲ್ಲಿ ಕಸಿಮಾಡಿಸಿದನು. ಮಣ್ಣು ಒಪ್ಪಿತು, ಬಿಸಿಲು ಒಪ್ಪಿತು. ಮುಂದಿನ ಎರಡು ತಲೆಮಾರುಗಳಲ್ಲಿ ಕಣಿವೆಯ ಉದ್ದಗಲಕ್ಕೂ ಪ್ಲಮ್, ಜರ್ದಾಳು, ಚೆರ್ರಿ, ಅಕ್ರೋಟು ಮರಗಳು ಸಾಲುಗಟ್ಟಿದವು. ಹಣ್ಣನ್ನು ಬಿಸಿಲಿಗೆ ಹರಡಿ ಒಣಗಿಸುವ ಅಂಗಳಗಳೂ, ಡಬ್ಬಿಗೆ ತುಂಬುವ ಕಾರ್ಖಾನೆಗಳೂ ಎದ್ದವು. ಫಾಲ್ಗುಣದ ಹೊತ್ತಿಗೆ ಎಲೆಯಿಲ್ಲದ ಕೊಂಬೆಗಳ ತುಂಬ ಬಿಳಿಯ ಹೂವು ಅರಳಿದಾಗ ಅದನ್ನು ನೋಡುವುದಕ್ಕೆಂದೇ ದೂರದೂರುಗಳಿಂದ ಜನರು ಬರುತ್ತಿದ್ದರು. ಆಗ ಈ ಸೀಮೆಗೆ ‘ಹೃದಯಾನಂದದ ಕಣಿವೆ’ ಎಂಬ ಅರ್ಥ ಬರುವ ಹೆಸರಿತ್ತು.

ಈ ತೋಟಗಳು ನಿಂತದ್ದು ಬಾವಿಯ ನೀರಿನ ಮೇಲೆ. ಬೆಟ್ಟದಿಂದಿಳಿದ ಹೊಳೆಗಳು ಯುಗಯುಗಗಳಿಂದ ತಂದು ಹಾಕಿದ ಮರಳು, ನೊರಜುಗಲ್ಲು, ಜೇಡಿಗಳ ಪದರಗಳಲ್ಲಿ ನೀರು ತುಂಬಿಕೊಂಡಿತ್ತು. ರೈತರು ಅದನ್ನು ಲೆಕ್ಕವಿಲ್ಲದೆ ಮೇಲೆತ್ತಿದರು. ನೀರು ಇಳಿದಂತೆ ನೆಲವೂ ಕುಸಿಯಿತು. ಇಪ್ಪತ್ತನೆಯ ಶತಮಾನದ ಆದಿಭಾಗದಿಂದ 1970ರ ಸುಮಾರಿನ ವರೆಗೆ ಸ್ಯಾನ್ ಹೋಸೆಯ ನಡುಪೇಟೆಯು ಸುಮಾರು 13 ಅಡಿ ಕೆಳಗಿಳಿಯಿತು. ಕೊಲ್ಲಿಯ ದಂಡೆಯ ಆಲ್ವಿಸೊ ಎಂಬ ಹಳೆಯ ಬಂದರೂರು ಸಮುದ್ರಮಟ್ಟಕ್ಕಿಂತ ತಗ್ಗಾಯಿತು. ಕಡೆಗೆ ಜನರೇ ಎಚ್ಚೆತ್ತು ಅಣೆಕಟ್ಟುಗಳನ್ನು ಕಟ್ಟಿ, ದೂರದಿಂದ ನೀರನ್ನು ತರಿಸಿ, ಇಂಗುಕೊಳಗಳ ಮೂಲಕ ಅದನ್ನು ನೆಲದೊಳಕ್ಕೆ ಇಳಿಸಿ, ಕುಸಿತವನ್ನು ತಡೆದರು. ಈ ಕಣಿವೆಯ ನಿಜವಾದ ಬಂಡವಾಳವು ನೆಲದಡಿಯ ನೀರು ಎಂಬುದನ್ನು ಅವರು ಅಷ್ಟು ಬೆಲೆ ತೆತ್ತು ಕಲಿತಿದ್ದರು. ಮುಂದೆ ಬಂದ ವಿಷವು ಸೇರಿದ್ದು ಇದೇ ನೀರಿಗೆ.

ಹೊಗೆಯಿಲ್ಲದ ಕಾರ್ಖಾನೆ

ಟ್ರಾನ್ಸಿಸ್ಟರನ್ನು ಕಂಡುಹಿಡಿದ ಮೂವರಲ್ಲಿ ಒಬ್ಬನಾದ ವಿಲಿಯಂ ಷಾಕ್ಲಿಯು 1956ರಲ್ಲಿ, ನೊಬೆಲ್ ಪಾರಿತೋಷಕವು ದೊರೆತ ವರ್ಷವೇ, ಮೌಂಟನ್ ವ್ಯೂ ಎಂಬ ಚಿಕ್ಕ ಊರಿನಲ್ಲಿ ತನ್ನ ಪ್ರಯೋಗಶಾಲೆಯನ್ನು ತೆರೆದನು. ಮರುವರ್ಷವೇ ಅವನ ಎಂಟು ಮಂದಿ ಸಹಾಯಕರು ಅವನೊಡನೆ ಹೊಂದಲಾರದೆ ಹೊರಬಿದ್ದು, ಪಕ್ಕದ ಪಾಲೋ ಆಲ್ಟೋದಲ್ಲಿ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಂಪೆನಿಯನ್ನು ಆರಂಭಿಸಿದರು. ಅವರಲ್ಲಿ ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್ ಎಂಬಿಬ್ಬರು 1968ರಲ್ಲಿ ಇಂಟೆಲ್ ಕಂಪೆನಿಯನ್ನು ಕಟ್ಟಿದರು. ಬೇರಿನಿಂದ ಬೇರು ಹೊರಟು ಮರಗಳೇಳುವಂತೆ ಒಂದು ಕಂಪೆನಿಯಿಂದ ಹತ್ತು ಕಂಪೆನಿಗಳು ಹುಟ್ಟಿದವು. 1971ರ ಜನವರಿಯಲ್ಲಿ ಡಾನ್ ಹೋಫ್ಲರ್ ಎಂಬ ಪತ್ರಕರ್ತನು ‘ಸಿಲಿಕಾನ್ ಕಣಿವೆ’ ಎಂಬ ಹೆಸರನ್ನು ಅಚ್ಚಿನಲ್ಲಿ ಬಳಸಿದನು, ಅದು ನಿಂತುಬಿಟ್ಟಿತು. ಜರ್ದಾಳು ಮರಗಳನ್ನು ಬುಡಸಹಿತ ಕಿತ್ತು, ಆ ಜಾಗದಲ್ಲಿ ತಗ್ಗು ಮಾಡಿನ ಉದ್ದುದ್ದ ಕಟ್ಟಡಗಳನ್ನು ಎಬ್ಬಿಸಿದರು.

ನಗರಸಭೆಗಳು ಈ ಹೊಸ ಕೈಗಾರಿಕೆಯನ್ನು ಆರತಿಯೆತ್ತಿ ಸ್ವಾಗತಿಸಿದವು. ಉಕ್ಕಿನ ಕುಲುಮೆಗಳಂತೆ ಇಲ್ಲಿ ಹೊಗೆಗೂಡುಗಳಿರಲಿಲ್ಲ, ಗಿರಣಿಗಳ ಗದ್ದಲವಿರಲಿಲ್ಲ. ಮುಂದುಗಡೆ ಹಸಿರು ಹುಲ್ಲುಹಾಸು, ಒಳಗಡೆ ಬಿಳಿಯ ನಿಲುವಂಗಿ ತೊಟ್ಟ ಕೆಲಸಗಾರರು; ನೋಡಿದವರಿಗೆ ಕಾರ್ಖಾನೆಯೆನ್ನುವುದಕ್ಕಿಂತ ಆಸ್ಪತ್ರೆಯೋ ವಿದ್ಯಾಲಯವೋ ಎನ್ನಿಸಬೇಕು. ‘ಶುದ್ಧ ಕೈಗಾರಿಕೆ’ ಎಂಬ ಹೆಸರು ಬಂದುದು ಹೀಗೆ.

ಆದರೆ ಆ ಶುದ್ಧಿಯ ಅರ್ಥವೇನೆಂಬುದನ್ನು ಸ್ವಲ್ಪ ವಿಚಾರಿಸಬೇಕು. ಸಿಲಿಕಾನಿನ ತೆಳ್ಳನೆಯ ಬಿಲ್ಲೆಯ ಮೇಲೆ ಬೆಳಕಿನಿಂದ ಚಿತ್ತಾರವನ್ನು ಮೂಡಿಸಿ, ಆಮ್ಲದಿಂದ ಕೆತ್ತಿ, ಆರ್ಸೆನಿಕ್, ರಂಜಕ ಮೊದಲಾದ ವಸ್ತುಗಳನ್ನು ಅದರೊಳಕ್ಕೆ ಊಡಿ, ಮತ್ತೆ ತೊಳೆದು, ಮತ್ತೆ ಕೆತ್ತಿ, ಹೀಗೆ ನೂರಾರು ಹಂತಗಳಲ್ಲಿ ಚಿಪ್ ಎಂಬುದು ತಯಾರಾಗುತ್ತದೆ. ಒಂದು ಧೂಳಿನ ಕಣ ಬಿದ್ದರೂ ಕೆಲಸ ಕೆಟ್ಟಿತು. ಆದ್ದರಿಂದಲೇ ಕೆಲಸಗಾರರಿಗೆ ನೆತ್ತಿಯಿಂದ ಅಂಗಾಲಿನವರೆಗೆ ಬಿಳಿಯ ಕವಚ. ಆ ಕವಚವು ಮನುಷ್ಯನ ಮೈಯಿಂದುದುರುವ ಧೂಳಿನಿಂದ ಚಿಪ್ಪನ್ನು ಕಾಪಾಡುವುದಕ್ಕೆ ಹೊಲಿದದ್ದು. ರಾಸಾಯನಿಕಗಳ ಆವಿಯಿಂದ ಮನುಷ್ಯನನ್ನು ಕಾಪಾಡುವುದಕ್ಕಲ್ಲ. ಅದನ್ನು ತೊಟ್ಟು ಸಾಲಾಗಿ ಕುಳಿತವರಲ್ಲಿ ಬಹುಮಂದಿ ಹೆಂಗಸರು. ಮೆಕ್ಸಿಕೊ, ಫಿಲಿಪ್ಪೀನ್ಸ್, ವಿಯಟ್ನಾಂಗಳಿಂದ ಹೊಟ್ಟೆಪಾಡಿಗೆಂದು ಬಂದವರು.

ತೊಳೆಯುವ ಕೆಲಸಕ್ಕೆ ಬೇಕಾದ ದ್ರಾವಕಗಳಲ್ಲಿ ಮುಖ್ಯವಾದವು ಟ್ರೈಕ್ಲೋರೋಎಥಿಲೀನ್, ಟ್ರೈಕ್ಲೋರೋಈಥೇನ್ ಎಂಬ ಎರಡು. ಜಿಡ್ಡನ್ನು ಕ್ಷಣದಲ್ಲಿ ಕರಗಿಸಿ ತಾವು ಆವಿಯಾಗಿ ಹೋಗುವುದು ಅವುಗಳ ಗುಣ. ಹೊಸದನ್ನೂ ಬಳಸಿ ಬಿಟ್ಟದ್ದನ್ನೂ ಬೆಂಕಿಯ ಭಯದಿಂದ ನೆಲದಡಿಯ ತೊಟ್ಟಿಗಳಲ್ಲಿ ತುಂಬಿಡುತ್ತಿದ್ದರು. ಕಣ್ಣಿಗೆ ಮರೆಯಾದುದು ಮನಸ್ಸಿಗೂ ಮರೆಯಾಯಿತು. ತೊಟ್ಟಿಗಳ ಬೆಸುಗೆ ಸಡಿಲವಾಯಿತು. ಕೊಳವೆಗಳ ಕೀಲು ಬಿಟ್ಟಿತು. ಹನಿಹನಿಯಾಗಿ ದ್ರಾವಕವು ಮರಳಿಗೆ ಇಳಿಯಿತು. ನೀರಿಗಿಂತ ಭಾರವಾದ ಈ ದ್ರವವು ನೀರಿನ ಮೇಲೆ ತೇಲದೆ, ಪದರದಿಂದ ಪದರಕ್ಕೆ ಇಳಿಯುತ್ತ, ಸ್ವಲ್ಪಸ್ವಲ್ಪವಾಗಿ ಕರಗುತ್ತ, ಅಂತರ್ಜಲದೊಡನೆ ಕೊಲ್ಲಿಯ ದಿಕ್ಕಿಗೆ ನಡೆಯತೊಡಗಿತು.

ಹದಿಮೂರನೆಯ ಬಾವಿ

ಸ್ಯಾನ್ ಹೋಸೆಯ ದಕ್ಷಿಣದ ತುದಿಯಲ್ಲಿ ಬರ್ನಲ್ ರಸ್ತೆಯೆಂಬುದುಂಟು. ಅಲ್ಲಿ ಫೇರ್‌ಚೈಲ್ಡ್ ಕಂಪೆನಿಯು 1977ರಲ್ಲಿ ಹೊಸದೊಂದು ಕಾರ್ಖಾನೆಯನ್ನು ತೆರೆದಿತ್ತು. ರಸ್ತೆಯಾಚೆಗೆ ಲಾಸ್ ಪಸಿಯೋಸ್ ಎಂಬ ಬಡಾವಣೆ. ಮಧ್ಯಮವರ್ಗದವರ ಅಚ್ಚುಕಟ್ಟಾದ ಮನೆಗಳು, ಎಳೆಯ ಮಕ್ಕಳ ಸಂಸಾರಗಳು. 1981ರ ಕೊನೆಯಲ್ಲಿ ಕಾರ್ಖಾನೆಯ ಭೂಗತ ತೊಟ್ಟಿಯೊಂದು ಸೋರಿರುವುದು ಗೊತ್ತಾಯಿತು. ಹತ್ತಾರು ಸಾವಿರ ಗ್ಯಾಲನ್ ದ್ರಾವಕವು ಮಣ್ಣಿಗಿಳಿದಿತ್ತು. ಅಲ್ಲಿಂದ ಸುಮಾರು ಎರಡು ಸಾವಿರ ಅಡಿ ದೂರದಲ್ಲಿ ಗ್ರೇಟ್ ಓಕ್ಸ್ ಎಂಬ ನೀರು ಸರಬರಾಜು ಕಂಪೆನಿಯ ಹದಿಮೂರನೆಯ ಬಾವಿಯಿತ್ತು. ಬಡಾವಣೆಯ ನಲ್ಲಿಗಳಿಗೆ ಬರುತ್ತಿದ್ದ ನೀರಿನಲ್ಲಿ ಆ ಬಾವಿಯದೂ ಸೇರಿತ್ತು. ಪರೀಕ್ಷಿಸಿದಾಗ ಅದರಲ್ಲಿ ಟ್ರೈಕ್ಲೋರೋಈಥೇನ್ ಕಂಡುಬಂದಿತು. ಡಿಸೆಂಬರಿನಲ್ಲಿ ಬಾವಿಯನ್ನು ಮುಚ್ಚಿದರು.

ಆದರೆ ಆ ನೀರನ್ನು ಕುಡಿದವರಿಗೆ ಸುದ್ದಿ ತಿಳಿದದ್ದು ಮರು ಜನವರಿಯಲ್ಲಿ, ವೃತ್ತಪತ್ರಿಕೆಯ ಮೂಲಕ. ಹುಟ್ಟುವಾಗಲೇ ಹೃದಯದಲ್ಲಿ ದೋಷವಿದ್ದ ಹೆಣ್ಣುಮಗುವಿನ ತಾಯಿಯೊಬ್ಬಳು ಆ ಸುದ್ದಿಯನ್ನೋದಿ, ನೆರೆಹೊರೆಯ ಮನೆಗಳ ಕದ ತಟ್ಟಿ ವಿಚಾರಿಸಿದಳು. ಎಷ್ಟೋ ಮನೆಗಳಲ್ಲಿ ಬಸಿರು ನಿಂತಿರಲಿಲ್ಲ. ಕೆಲವೆಡೆ ಮಕ್ಕಳು ಅಂಗದೋಷದೊಡನೆ ಹುಟ್ಟಿದ್ದುವು. ಒಂದೊಂದು ಮನೆಯೂ ತನ್ನದು ತನ್ನೊಬ್ಬರ ದುರದೃಷ್ಟವೆಂದು ಭಾವಿಸಿ ಸುಮ್ಮನಿದ್ದಿತು. ರಾಜ್ಯದ ಆರೋಗ್ಯ ಇಲಾಖೆಯು ತನಿಖೆ ನಡೆಸಿ 1985ರಲ್ಲಿ ವರದಿಯನ್ನು ಪ್ರಕಟಿಸಿತು. ಆ ಬಡಾವಣೆಯಲ್ಲಿ ಗರ್ಭಪಾತಗಳೂ ಜನ್ಮದೋಷಗಳೂ ಹೋಲಿಕೆಗೆ ತೆಗೆದುಕೊಂಡ ಬಡಾವಣೆಯಲ್ಲಿಗಿಂತ ಹೆಚ್ಚಾಗಿದ್ದುದು ನಿಜ. ಆದರೆ ಈ ಸೋರಿಕೆಯೇ ಅದಕ್ಕೆ ಕಾರಣವೆಂದು ಸ್ಥಾಪಿಸಲಾಗದೆಂದು ವರದಿಯು ಹೇಳಿತು. ನ್ಯಾಯಾಲಯಕ್ಕೆ ಹೋದ ನೂರಾರು ನಿವಾಸಿಗಳೊಡನೆ ರಾಜಿಯಾಯಿತು. ವಿಜ್ಞಾನವು ‘ಇರಬಹುದು’ ಎಂದಲ್ಲಿಗೆ ನಿಂತಿತು. ತಾಯಂದಿರ ಪ್ರಶ್ನೆಯು ಉತ್ತರವಿಲ್ಲದೆ ಉಳಿಯಿತು.

ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬುದು ಕನ್ನಡದ ಗಾದೆ. ಈ ಕಣಿವೆಯಲ್ಲಿ ಉಪ್ಪು ತಿಂದವರೊಬ್ಬರು, ನೀರು ಕುಡಿದವರೊಬ್ಬರು.

ಮಾಡಿದ್ದುಣ್ಣೋ ಮಹಾರಾಯ

ಬರ್ನಲ್ ರಸ್ತೆಯ ಸುದ್ದಿಯಿಂದ ಕಣಿವೆಯು ಬೆಚ್ಚಿಬಿದ್ದಿತು. ಉಳಿದ ಕಂಪೆನಿಗಳ ತೊಟ್ಟಿಗಳನ್ನೂ ತೆರೆದು ನೋಡಬೇಕೆಂದು ಅಧಿಕಾರಿಗಳು ಆಜ್ಞೆ ಮಾಡಿದರು. ನೋಡಿದೆಡೆಗಳಲ್ಲಿ ಬಹುಪಾಲು ಸೋರಿದ್ದುವು. ಅವುಗಳೊಡೆಯರ ಪಟ್ಟಿಯಲ್ಲಿ ಲೋಕಪ್ರಸಿದ್ಧ ಹೆಸರುಗಳೇ ಇದ್ದವು. 1982ರಲ್ಲಿ ಟೆಡ್ ಸ್ಮಿತ್ ಎಂಬ ವಕೀಲನು ನಿವಾಸಿಗಳನ್ನೂ, ಕಾರ್ಮಿಕ ಸಂಘಗಳನ್ನೂ, ಅಗ್ನಿಶಾಮಕ ದಳದವರನ್ನೂ ಒಂದುಗೂಡಿಸಿ ‘ಸಿಲಿಕಾನ್ ವ್ಯಾಲಿ ಟಾಕ್ಸಿಕ್ಸ್ ಕೊಯಲಿಷನ್’ ಎಂಬ ಸಂಸ್ಥೆಯನ್ನು ಕಟ್ಟಿದನು. ಅಗ್ನಿಶಾಮಕ ದಳದವರಿಗೆ ಇದರಲ್ಲೇನು ಕೆಲಸ ಎಂದು ಕೇಳಬಹುದು. ಬೆಂಕಿ ಬಿದ್ದ ಕಾರ್ಖಾನೆಯೊಳಕ್ಕೆ ಮೊದಲು ನುಗ್ಗುವವರು ಅವರು. ಒಳಗಿರುವುದು ಯಾವ ವಿಷವೆಂದು ಅವರಿಗೆ ಯಾರೂ ಹೇಳುತ್ತಿರಲಿಲ್ಲ.

ಇವರೆಲ್ಲರ ಒತ್ತಾಯದಿಂದ 1983ರಲ್ಲಿ ಕಣಿವೆಯ ಊರುಗಳು ವಿಷವಸ್ತುಗಳ ಸಂಗ್ರಹಕ್ಕೆ ಕಟ್ಟುಪಾಡುಗಳನ್ನು ಮಾಡಿದವು. ಭೂಗತ ತೊಟ್ಟಿಗೆ ಎರಡು ಪದರದ ಗೋಡೆ ಬೇಕು. ಸೋರಿದರೆ ತಿಳಿಸುವ ಉಪಕರಣ ಬೇಕು. ಏನೇನು ತುಂಬಿಟ್ಟಿದೆಯೆಂಬ ಪಟ್ಟಿಯು ಸಾರ್ವಜನಿಕರಿಗೆ ದೊರೆಯಬೇಕು. ಅದೇ ವರ್ಷ ಕ್ಯಾಲಿಫೋರ್ನಿಯ ರಾಜ್ಯವೂ, ಮರುವರ್ಷ ಕೇಂದ್ರ ಶಾಸನಸಭೆಯೂ ತೊಟ್ಟಿಗಳ ವಿಷಯದಲ್ಲಿ ಕಾನೂನನ್ನು ಮಾಡಿದವು. ಅಷ್ಟರಲ್ಲಿ, 1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ, ಭಾರತದ ಭೋಪಾಲದಲ್ಲಿ ವಿಷಾನಿಲವು ಸಾವಿರಾರು ಜನರ ಪ್ರಾಣವನ್ನು ಹೀರಿತು. ಆ ಘೋರವೇ ಕಾರಣವಾಗಿ, ಯಾವ ಕಾರ್ಖಾನೆಯು ಯಾವ ವಿಷವನ್ನು ಎಷ್ಟು ಹೊರಬಿಡುತ್ತದೆಂಬುದನ್ನು ನೆರೆಯವರಿಗೆ ತಿಳಿಸಲೇಬೇಕೆಂಬ ಕಾನೂನು 1986ರಲ್ಲಿ ಅಮೆರಿಕದಲ್ಲಿ ಜಾರಿಗೆ ಬಂದಿತು. ಭೋಪಾಲದ ಬಡವರ ಸಾವಿನಿಂದ ಕ್ಯಾಲಿಫೋರ್ನಿಯದ ಗೃಹಸ್ಥನಿಗೆ ಒಂದು ಹಕ್ಕು ದೊರೆಯಿತೆಂಬುದು ನೆನಪಿಡಬೇಕಾದ ಸಂಗತಿ.

ಈ ಕಾನೂನುಗಳಿಗೂ ಮೊದಲೇ, 1980ರ ಡಿಸೆಂಬರಿನಲ್ಲಿ, ‘ಸೂಪರ್‌ಫಂಡ್’ ಎಂದು ಹೆಸರಾದ ಶಾಸನವೊಂದು ಬಂದಿತ್ತು. ಅದರ ತಿರುಳನ್ನು ಕನ್ನಡಿಗರಿಗೆ ವಿವರಿಸಬೇಕಾದುದಿಲ್ಲ; ‘ಮಾಡಿದ್ದುಣ್ಣೋ ಮಹಾರಾಯ’ ಎಂದರೆ ಸಾಕು. ಮಣ್ಣನ್ನೂ ನೀರನ್ನೂ ಕೆಡಿಸಿದವನು ಅದನ್ನು ತೊಳೆಯುವ ಖರ್ಚನ್ನು ಹೊರಬೇಕು. ಕೆಡಿಸಿದಾಗ ಅದು ಕಾನೂನುಬಾಹಿರವಾಗಿರಲಿಲ್ಲವೆಂಬ ನೆಪ ಸಲ್ಲದು. ಕಾರ್ಖಾನೆಯನ್ನು ಮುಚ್ಚಿದೆನೆಂಬ ನೆಪವೂ ಸಲ್ಲದು. ಈ ಶಾಸನದ ಕೆಳಗೆ ಸಾಂಟಾ ಕ್ಲಾರಾ ಕೌಂಟಿಯೊಂದರಲ್ಲೇ ಇಪ್ಪತ್ತಮೂರು ಸ್ಥಳಗಳು ಶುದ್ಧೀಕರಣದ ಪಟ್ಟಿಗೆ ಸೇರಿದವು. ಅಮೆರಿಕದ ಬೇರಾವ ಕೌಂಟಿಯಲ್ಲಿಯೂ ಇಷ್ಟಿಲ್ಲ. ಅವುಗಳಲ್ಲಿ ಹೆಚ್ಚಿನವು ಎಲೆಕ್ಟ್ರಾನಿಕ್ ಕೈಗಾರಿಕೆಯ ಬಳುವಳಿ.

ಇಂದು ನೋಡುವವನಿಗೆ

ಈಗ ಕಣಿವೆಗೆ ಹೋದ ಪ್ರವಾಸಿಗನಿಗೆ ತೋರಿಸುವ ಸ್ಥಳಗಳು ಬೇರೆ. ಪಾಲೋ ಆಲ್ಟೋದಲ್ಲಿ ಹ್ಯೂಲೆಟ್ ಮತ್ತು ಪ್ಯಾಕಾರ್ಡರು ಕೆಲಸ ಆರಂಭಿಸಿದ ಹಳೆಯ ಕಾರುಮನೆ. ಅದರ ಮುಂದೆ ‘ಸಿಲಿಕಾನ್ ಕಣಿವೆಯ ಜನ್ಮಸ್ಥಾನ’ವೆಂಬ ಫಲಕ. ಫೇರ್‌ಚೈಲ್ಡ್ ಕಂಪೆನಿಯ ಮೊದಲ ಕಟ್ಟಡದ ಬಳಿ ಇನ್ನೊಂದು ಫಲಕ. ಸಾಂಟಾ ಕ್ಲಾರಾದಲ್ಲಿ ಇಂಟೆಲ್ ಕಂಪೆನಿಯ ವಸ್ತುಸಂಗ್ರಹಾಲಯ. ಬುದ್ಧಿಯ ವಿಜಯಗಳಿಗೆಲ್ಲ ಗುರುತುಗಳಿವೆ.

ಇನ್ನೊಂದು ಬಗೆಯ ಗುರುತನ್ನು ಕಾಣಬೇಕಾದರೆ ಮೌಂಟನ್ ವ್ಯೂ ಊರಿನ ಮಿಡ್ಲ್‌ಫೀಲ್ಡ್, ಎಲ್ಲಿಸ್, ವಿಸ್ಮನ್ ಎಂಬ ಮೂರು ರಸ್ತೆಗಳ ನಡುವಿನ ಪ್ರದೇಶದಲ್ಲಿ ತಲೆ ತಗ್ಗಿಸಿ ನಡೆಯಬೇಕು. ಅಲ್ಲಲ್ಲಿ ನೆಲಕ್ಕೆ ಸಮವಾಗಿ ಕೂರಿಸಿದ ಚಿಕ್ಕ ಕಬ್ಬಿಣದ ಮುಚ್ಚಳಗಳಿವೆ. ಅವು ನೀರನ್ನು ಪರೀಕ್ಷಿಸುವ ಬಾವಿಗಳ ಬಾಯಿ. ಫೇರ್‌ಚೈಲ್ಡ್, ಇಂಟೆಲ್, ರೇಥಿಯನ್ ಮೊದಲಾದ ಕಂಪೆನಿಗಳು ಒಂದು ಕಾಲದಲ್ಲಿ ಇಲ್ಲಿ ಚಿಪ್ಪುಗಳನ್ನು ತಯಾರಿಸಿದವು. ಅವುಗಳ ದ್ರಾವಕಗಳೆಲ್ಲ ನೆಲದಡಿಯಲ್ಲಿ ಒಂದಾಗಿ ಕಲೆತುಹೋಗಿದ್ದುವು. ಸರ್ಕಾರವು 1989ರಲ್ಲಿ ಶುದ್ಧೀಕರಣದ ಕ್ರಮವನ್ನು ಗೊತ್ತುಮಾಡಿತು. ನೀರನ್ನು ಮೇಲೆತ್ತುವುದು, ವಿಷವನ್ನು ಬೇರ್ಪಡಿಸುವುದು, ಮತ್ತೆ ಎತ್ತುವುದು: ಈ ಕೆಲಸವು ದಶಕಗಳಿಂದ ನಡೆದಿದೆ. ಸುಲಭವಾಗಿ ಬರುವ ಪಾಲು ಮೊದಲು ಬಂದುಬಿಡುತ್ತದೆ. ಜೇಡಿಯ ಪದರಗಳಲ್ಲಿ ಸಿಕ್ಕಿಕೊಂಡದ್ದು ಹನಿಹನಿಯಾಗಿಯಲ್ಲದೆ ಬಿಡದು.

ಹಳೆಯ ಕಾರ್ಖಾನೆಗಳ ನೆಲದ ಮೇಲೆ ಈಗ ಹೊಸ ಕಚೇರಿಗಳಿವೆ. 2012ರ ಕೊನೆ ಮತ್ತು 2013ರ ಆದಿಯಲ್ಲಿ ಗೂಗಲ್ ಕಂಪೆನಿಯ ಎರಡು ಕಟ್ಟಡಗಳಲ್ಲಿ ಗಾಳಿಯಾಡುವ ವ್ಯವಸ್ಥೆಯು ಏರುಪೇರಾದಾಗ, ನೆಲದಡಿಯಿಂದೆದ್ದ ಟ್ರೈಕ್ಲೋರೋಎಥಿಲೀನಿನ ಆವಿಯು ಒಳಗಣ ಗಾಳಿಯಲ್ಲಿ ಮಿತಿಯನ್ನು ಮೀರಿದ್ದುದು ತಿಳಿದುಬಂದಿತು. ಬಳಿಕ ಅದನ್ನು ಸರಿಪಡಿಸಿದರು. ಗೂಗಲ್ ಆ ವಿಷವನ್ನು ಸುರಿದ ಕಂಪೆನಿಯಲ್ಲ. ಅದು ಹುಟ್ಟುವುದಕ್ಕೆ ಮೊದಲೇ ಸುರಿದಾಗಿತ್ತು. ಅಜ್ಜನ ಕಾಲದ ಸಾಲದ ಬಡ್ಡಿಯನ್ನು ಮನೆಗೆ ಹೊಸದಾಗಿ ಬಂದ ಬಾಡಿಗೆದಾರನು ಉಸಿರಿನ ಮೂಲಕ ತೆರುವಂತಾಯಿತು. ಸನ್ನಿವೇಲಿನಲ್ಲಿ ಇಂತಹುದೇ ವಿಷಜಲದ ಹರಹು ಮನೆಗಳ ಮತ್ತು ಶಾಲೆಯ ಕೆಳಗೆ ಹಬ್ಬಿದೆ. ಬರ್ನಲ್ ರಸ್ತೆಯ ಕಾರ್ಖಾನೆಯು 1983ರಲ್ಲಿಯೇ ಮುಚ್ಚಿತು. ಕೆಟ್ಟ ಮಣ್ಣಿನ ಸುತ್ತ ನೆಲದಾಳಕ್ಕೆ ಜೇಡಿಯ ತಡೆಗೋಡೆಯನ್ನು ಇಳಿಸಿದರು. ಇಂದು ಅಲ್ಲಿರುವುದು ಅಂಗಡಿಗಳ ಸಂಕೀರ್ಣ. ಜನರು ಕಾರು ನಿಲ್ಲಿಸಿ ದಿನಸಿ ಕೊಳ್ಳುತ್ತಾರೆ.

ಕಣಿವೆಯ ದಕ್ಷಿಣದ ಬೆಟ್ಟಗಳಲ್ಲಿ ನ್ಯೂ ಆಲ್ಮಡೆನ್ ಎಂಬ ಹಳೆಯ ಪಾದರಸದ ಗಣಿಯುಂಟು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕ್ಯಾಲಿಫೋರ್ನಿಯದ ಚಿನ್ನವನ್ನು ಅದಿರಿನಿಂದ ಬೇರ್ಪಡಿಸುವುದಕ್ಕೆ ಈ ಗಣಿಯ ಪಾದರಸವನ್ನು ಬಳಸುತ್ತಿದ್ದರು. ಗಣಿಯು ನಿಂತು ಎಷ್ಟೋ ಕಾಲವಾಯಿತು; ಅಲ್ಲೀಗ ಸುಂದರವಾದ ಉದ್ಯಾನವಿದೆ. ಆದರೆ ಅದರ ಕೆಳಗಿನ ಜಲಾಶಯಗಳಲ್ಲಿ ಹಿಡಿದ ಮೀನನ್ನು ತಿನ್ನಬಾರದೆಂಬ ಎಚ್ಚರಿಕೆಯ ಹಲಗೆಗಳು ಇಂದಿಗೂ ನಿಂತಿವೆ. ಚಿನ್ನದ ಸಂಪತ್ತು ಊರೂರಿಗೆ ಚದುರಿಹೋಯಿತು, ಪಾದರಸವು ಹೊಳೆಯ ಕೆಸರಿನಲ್ಲಿ ಉಳಿಯಿತು. ಚಿಪ್ಪಿನ ಕಾಲದವರು ಬೇಕೆಂದಿದ್ದರೆ ಓದಿಕೊಳ್ಳಬಹುದಾಗಿದ್ದ ಪಾಠವು ಕೆಲವೇ ಮೈಲಿಗಳ ದೂರದಲ್ಲಿತ್ತು.

ಒಳ್ಳೆಯ ಮಾತು, ಒಳ್ಳೆಯ ಕೆಲಸ

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಕೈಗಾರಿಕೆಗೆ ಅನ್ಯಾಯವಾದೀತು. ಶಿಲ್ಪಿಗಳಂತಹ ಕುಶಲಿಗಳು, ಉದಾರಿಗಳು, ದೂರದೃಷ್ಟಿಯುಳ್ಳವರು ಅದರಲ್ಲಿದ್ದರು, ಇದ್ದಾರೆ. ಮನಸ್ಸು ಮಾಡಿದಾಗ ಅವರಿಂದ ಆಗದಿರುವುದು ಕಡಿಮೆ. ಚಿಪ್ಪಿನ ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರಿಗೆ ಗರ್ಭಪಾತ ಹೆಚ್ಚೆಂದು, ಕೈಗಾರಿಕೆಯವರೇ ಹಣ ಕೊಟ್ಟು ಮಾಡಿಸಿದ ಅಧ್ಯಯನವು 1992ರಲ್ಲಿ ಹೇಳಿತು. ಅದಕ್ಕೆ ಸಂಬಂಧಪಟ್ಟಂತೆ ಕಂಡ ಗ್ಲೈಕಾಲ್ ಈಥರ್‌ಗಳನ್ನು ಕ್ರಮೇಣ ಕೈಬಿಟ್ಟರು. ವಾಯುಮಂಡಲದ ಓಜೋನ್ ಪದರವನ್ನು ಹರಿಯುವ ಕ್ಲೋರೋಫ್ಲೂರೋಕಾರ್ಬನ್ನುಗಳಿಲ್ಲದೆ ಎಲೆಕ್ಟ್ರಾನಿಕ್ ಭಾಗಗಳನ್ನು ತೊಳೆಯುವುದು ಬಹು ಕಷ್ಟವೆಂಬ ವಾದವಿತ್ತು. 1987ರ ಮಾಂಟ್ರಿಯಲ್ ಒಪ್ಪಂದವಾದ ಬಳಿಕ ಕೆಲವೇ ವರ್ಷಗಳಲ್ಲಿ ಬದಲಿಗಳು ದೊರೆತವು. ಕೆಲವು ಕಾರ್ಖಾನೆಗಳಲ್ಲಿ ಸಾಬೂನಿನ ನೀರೇ ಸಾಕಾಯಿತು. ಆಗದೆಂಬ ಮಾತು ಎಷ್ಟೋ ಸಲ ಆಗಬೇಕಾಗಿಲ್ಲವೆಂಬ ಮಾತಿನ ವೇಷವೆಂಬುದು ಇದರಿಂದ ತಿಳಿಯುತ್ತದೆ.

2004ರಲ್ಲಿ ಹಲವು ದೊಡ್ಡ ಕಂಪೆನಿಗಳು ಕೂಡಿ, ತಮಗೆ ಸರಕು ಒದಗಿಸುವವರೆಲ್ಲರೂ ಕಾರ್ಮಿಕರ ಸುರಕ್ಷತೆಯನ್ನೂ ಪರಿಸರವನ್ನೂ ಕಾಪಾಡಬೇಕೆಂಬ ನಿಯಮಾವಳಿಯೊಂದನ್ನು ಹೊರಡಿಸಿದವು. ಕ್ಯುಪರ್ಟಿನೊದಲ್ಲಿ 2017ರಲ್ಲಿ ತೆರೆದ ಆಪಲ್ ಕಂಪೆನಿಯ ಉಂಗುರದಾಕಾರದ ಭವನವು ಸೂರ್ಯಶಕ್ತಿಯೇ ಮೊದಲಾದ ನವೀಕರಿಸಬಲ್ಲ ಶಕ್ತಿಯಿಂದ ನಡೆಯುತ್ತದೆ. ಅದರ ಸುತ್ತ ನೆಟ್ಟ ಸುಮಾರು ಒಂಬತ್ತು ಸಾವಿರ ಮರಗಳಲ್ಲಿ ಜರ್ದಾಳು, ಪ್ಲಮ್, ಚೆರ್ರಿ, ಸೇಬುಗಳೂ ಸೇರಿವೆ. ತೋಟವನ್ನು ಕಿತ್ತ ಕೈಗಾರಿಕೆಯು ತೋಟವನ್ನು ನೆಟ್ಟಿದೆ. ಇದನ್ನು ಆಡಂಬರವೆಂದು ತಳ್ಳಿಬಿಡಬೇಕಾಗಿಲ್ಲ; ಪ್ರಾಯಶ್ಚಿತ್ತವೆಂದು ಹಿಗ್ಗಬೇಕಾಗಿಯೂ ಇಲ್ಲ.

ರೋಗಕ್ಕೂ ಕೆಲಸಕ್ಕೂ ಇರುವ ಸಂಬಂಧವನ್ನು ಸಿದ್ಧಪಡಿಸುವುದು ಸುಲಭವಲ್ಲವೆಂಬುದನ್ನೂ ಹೇಳಬೇಕು. ರಾಸಾಯನಿಕಗಳಿಂದ ತಮಗೆ ಅರ್ಬುದ ರೋಗ ಬಂದಿತೆಂದು ಐ.ಬಿ.ಎಂ. ಕಂಪೆನಿಯ ಇಬ್ಬರು ಮಾಜಿ ಕೆಲಸಗಾರರು ಹೂಡಿದ ದಾವೆಯಲ್ಲಿ, ಇದೇ ಕೌಂಟಿಯ ಜೂರಿಯು 2004ರಲ್ಲಿ ಕಂಪೆನಿಯ ಪರವಾಗಿ ತೀರ್ಪು ಕೊಟ್ಟಿತು. ಪುರಾವೆಯ ಭಾರವು ರೋಗಿಯ ತಲೆಯ ಮೇಲಿರುವವರೆಗೆ, ಕೆಡುಕಿಲ್ಲವೆಂಬುದಕ್ಕೂ ಕೆಡುಕನ್ನು ತೋರಿಸಲಾಗಲಿಲ್ಲವೆಂಬುದಕ್ಕೂ ವ್ಯತ್ಯಾಸವು ಉಳಿದೇ ಇರುತ್ತದೆ. ಟ್ರೈಕ್ಲೋರೋಎಥಿಲೀನ್ ಮನುಷ್ಯನಿಗೆ ಅರ್ಬುದಕಾರಕವೆಂದು ಅಮೆರಿಕದ ಪರಿಸರ ರಕ್ಷಣಾ ಇಲಾಖೆಯು ನಿರ್ಣಯಿಸಿದುದು 2011ರಲ್ಲಿ. ಅಷ್ಟು ಹೊತ್ತಿಗೆ ಕಣಿವೆಯ ಚಿಪ್ಪಿನ ಕಾರ್ಖಾನೆಗಳೇ ಹೆಚ್ಚು ಕಡಿಮೆ ಇಲ್ಲವಾಗಿದ್ದುವು.

ಗಡಿ ದಾಟಿದ ಕಾರ್ಖಾನೆ

ಅವು ಎಲ್ಲಿಗೆ ಹೋದವು? ಕೆಲವು ಅರಿಜೋನಾ, ನ್ಯೂ ಮೆಕ್ಸಿಕೊಗಳಿಗೆ. ಬಹಳಷ್ಟು ಕೆಲಸವು ಪೂರ್ವ ಏಷ್ಯಕ್ಕೆ. ಇಂಟೆಲ್ ಕಂಪೆನಿಯು ಕಣಿವೆಯಲ್ಲಿದ್ದ ತನ್ನ ಕೊನೆಯ ಚಿಪ್ ಕಾರ್ಖಾನೆಯನ್ನು 2009ರಲ್ಲಿ ಮುಚ್ಚುವುದಾಗಿ ಪ್ರಕಟಿಸಿತು. ‘ಸಿಲಿಕಾನ್’ ಎಂಬ ಹೆಸರು ಕಣಿವೆಯಲ್ಲಿ ಉಳಿಯಿತು. ಸಿಲಿಕಾನನ್ನು ತೊಳೆಯುವ ಕೆಲಸವು ಹೊರಟುಹೋಯಿತು.

ಕೆಲಸದ ಜೊತೆಗೆ ಕಣಿವೆಯು ಕಲಿತ ಪಾಠವೂ ಹಡಗನ್ನು ಹತ್ತಿತೆಂದು ಹೇಳಲಾಗದು. ತೈವಾನಿನ ತಾವೊಯುವಾನ್‌ನಲ್ಲಿ ಆರ್.ಸಿ.ಎ. ಎಂಬ ಅಮೆರಿಕನ್ ಕಂಪೆನಿಯ ಕಾರ್ಖಾನೆಯು 1970ರಿಂದ 1992ರವರೆಗೆ ನಡೆಯಿತು. ಅದು ಮುಚ್ಚಿದ ಮೇಲೆ, 1994ರಲ್ಲಿ, ಅಲ್ಲಿನ ಮಣ್ಣೂ ಅಂತರ್ಜಲವೂ ಇದೇ ಬಗೆಯ ದ್ರಾವಕಗಳಿಂದ ಕೆಟ್ಟಿರುವುದು ಬಯಲಾಯಿತು. ಕೆಲಸಗಾರರು ಕುಡಿದದ್ದು ಆ ನೆಲದ ನೀರನ್ನೇ. ಅಷ್ಟರಲ್ಲಿ ಕಂಪೆನಿಯು ಕೈಯಿಂದ ಕೈಗೆ ಮಾರಾಟವಾಗಿತ್ತು. ಒಡೆಯನು ಯಾರೆಂಬ ಪ್ರಶ್ನೆಯ ಹಿಂದೆ ಕಾರ್ಮಿಕರು ವರ್ಷಾನುವರ್ಷ ಅಲೆದರು. ತೈವಾನಿನ ಸರ್ವೋಚ್ಚ ನ್ಯಾಯಾಲಯವು ಅವರ ಪರಿಹಾರದ ಹಕ್ಕನ್ನು ಎತ್ತಿಹಿಡಿದುದು 2018ರಲ್ಲಿ. ದಕ್ಷಿಣ ಕೊರಿಯದಲ್ಲಿ ಸ್ಯಾಮ್‌ಸಂಗ್ ಕಂಪೆನಿಯ ಚಿಪ್ ಕಾರ್ಖಾನೆಯಲ್ಲಿ ದುಡಿದ ಯುವತಿಯೊಬ್ಬಳು ರಕ್ತದ ಅರ್ಬುದದಿಂದ 2007ರಲ್ಲಿ ತೀರಿಕೊಂಡಳು. ಟ್ಯಾಕ್ಸಿ ಓಡಿಸಿ ಜೀವಿಸುತ್ತಿದ್ದ ಅವಳ ತಂದೆಯು ಹಠ ಬಿಡದೆ ಹನ್ನೊಂದು ವರ್ಷ ಹೋರಾಡಿದನು. 2018ರ ನವೆಂಬರಿನಲ್ಲಿ ಕಂಪೆನಿಯು ಬಹಿರಂಗವಾಗಿ ಕ್ಷಮೆ ಕೇಳಿ, ರೋಗಪೀಡಿತರಿಗೆ ಪರಿಹಾರ ಕೊಡಲು ಒಪ್ಪಿತು.

ಕೈಗಾರಿಕೆಯ ಧರ್ಮವೆಂಬುದು ಕಾರ್ಖಾನೆಯ ಕಾಂಪೌಂಡಿಗೆ ಮುಗಿಯುವಂಥದಲ್ಲ. ಲೆಕ್ಕ ಮುಗಿಸಿದ ವರ್ಷಕ್ಕೆ ಮುಗಿಯುವಂಥದೂ ಅಲ್ಲ. ವಿಷವು ಎಷ್ಟು ದೂರ ಹರಿಯುವುದೋ ಹೊಣೆಯೂ ಅಷ್ಟು ದೂರ ಹರಿಯಬೇಕು. ವಿಷವು ಎಷ್ಟು ಕಾಲ ಉಳಿಯುವುದೋ ಹೊಣೆಯೂ ಅಷ್ಟು ಕಾಲ ಉಳಿಯಬೇಕು. ಸಾಂಟಾ ಕ್ಲಾರಾ ಕಣಿವೆಯ ಜನರು ಇದನ್ನು ಕಾನೂನಿನಲ್ಲಿ ಬರೆಯಿಸಿಕೊಂಡರು. ಆದರೆ ಒಂದು ದೇಶದ ಕಾನೂನು ಆ ದೇಶದ ಗಡಿಗೆ ನಿಲ್ಲುತ್ತದೆ. ಗಡಿಯಾಚೆಗೆ ಅದನ್ನು ಒಯ್ಯಬೇಕಾದುದು ಕಂಪೆನಿಯ ಅಂತಃಸಾಕ್ಷಿ. ಅದು ಮರೆತಲ್ಲಿ, ಆಯಾ ನಾಡಿನ ಜನರ ಎಚ್ಚರ.

ಚಕ್ಕೋತದ ಊರು

ಬೆಂಗಳೂರಿನ ಬಡಗಣಕ್ಕೆ ದೇವನಹಳ್ಳಿಯಿದೆ. ಅಲ್ಲಿನ ಚಕ್ಕೋತದ ರುಚಿಯನ್ನು ಬಲ್ಲವರೇ ಬಲ್ಲರು. ಆ ಹಣ್ಣಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಆ ಸೀಮೆಗೆ 2008ರಲ್ಲಿ ವಿಮಾನ ನಿಲ್ದಾಣವು ಬಂದಿತು, ತೋಟಗಳು ವಿರಳವಾದವು. 2025ರಲ್ಲಿ ಅದೇ ಸೀಮೆಯಲ್ಲಿ ಆಪಲ್ ಕಂಪೆನಿಯ ಫೋನುಗಳನ್ನು ಜೋಡಿಸುವ ಫಾಕ್ಸ್‌ಕಾನ್ ಸಂಸ್ಥೆಯ ದೊಡ್ಡ ಕಾರ್ಖಾನೆಯು ಕೆಲಸವನ್ನಾರಂಭಿಸಿತು. ಕೋಲಾರದ ನರಸಾಪುರದಲ್ಲಿ ಮೊದಲೇ ಅಂತಹುದೊಂದಿದೆ. ಸಾವಿರಾರು ಹೆಣ್ಣುಮಕ್ಕಳಿಗೆ ಕೈತುಂಬ ಕೆಲಸ ದೊರೆಯುವುದು ಸಂತೋಷದ ಮಾತು. ಫೋನನ್ನು ಜೋಡಿಸುವುದೂ ಚಿಪ್ಪನ್ನು ಕೆತ್ತುವುದೂ ಒಂದೇ ಅಲ್ಲ. ಒಂದರ ದೋಷವನ್ನು ಇನ್ನೊಂದರ ಮೇಲೆ ಹೊರಿಸುವುದು ನ್ಯಾಯವಲ್ಲ.

ಆದರೂ ಹಣ್ಣಿನ ತೋಟದ ನೆಲಕ್ಕೆ ಎಲೆಕ್ಟ್ರಾನಿಕ್ ಕಾರ್ಖಾನೆಯು ಬಂದಿರುವುದು ಲೋಕದಲ್ಲಿ ಇದು ಮೊದಲ ಸಲವಲ್ಲ. ದೇವನಹಳ್ಳಿ, ಕೋಲಾರಗಳೂ ಕೊಳವೆಬಾವಿಯ ನೀರನ್ನೇ ನಂಬಿದ ಸೀಮೆಗಳು. ಭಾರತದಲ್ಲಿಯೂ, ಹಳೆಯ ಉಪಕರಣಗಳ ಕಸಕ್ಕೆ ಅವುಗಳನ್ನು ತಯಾರಿಸಿದವನೇ ಹೊಣೆಯೆಂಬ ನಿಯಮವು 2012ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಅದನ್ನು ತಿದ್ದಿ ಬಲಪಡಿಸಿದ ಹೊಸ ನಿಯಮಗಳು 2023ರ ಏಪ್ರಿಲಿನಿಂದ ನಡೆದುಬಂದಿವೆ. ನಿಯಮವು ಪುಸ್ತಕದಲ್ಲಿದ್ದರೆ ಸಾಲದು. ಕಾರ್ಖಾನೆಯಲ್ಲಿ ಯಾವ ರಾಸಾಯನಿಕವನ್ನು ಎಲ್ಲಿ ತುಂಬಿಡುತ್ತಾರೆ, ಬಳಸಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ, ಸುತ್ತಲಿನ ಬಾವಿಯ ನೀರನ್ನು ಯಾರು ಯಾವಾಗ ಪರೀಕ್ಷಿಸುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಗ್ರಾಮ ಪಂಚಾಯಿತಿಯ ಸಾಮಾನ್ಯ ಸದಸ್ಯನೂ ಕೇಳಬಹುದು. ಕಾರ್ಖಾನೆಯು ಬಾಗಿಲು ತೆರೆಯುವಾಗ ಕೇಳಿದರೆ ಅವಕ್ಕೆ ಉತ್ತರ ಕೊಡುವುದು ಅಗ್ಗ. ಲಾಸ್ ಪಸಿಯೋಸ್ ಬಡಾವಣೆಯವರು ಅವನ್ನು ಕೇಳುವ ಹೊತ್ತಿಗೆ ಹದಿಮೂರನೆಯ ಬಾವಿಯನ್ನು ಮುಚ್ಚಿಯಾಗಿತ್ತು.